ಗುರುವಾರದ ಮಿಸ್ಡ್ ಕಾಲ್

ಮೊದಲೆಲ್ಲ ಚೀಟಿ ಬರೆದು ಕೊಡುತ್ತಿದ್ದೆ.
ಹದಿನೈದನೇ ದಿನ, ಡಿಸ್ಚಾರ್ಜ್ ಹೊತ್ತಿಗೆ,
ಮಾತ್ರೆ ಪೊಟ್ಟಣದ ಜೊತೆ:
ಗುರುವಾರ, ಸಂಜೆ ಆರೂವರೆ, ಶಿಡ್ಲಘಟ್ಟ,
ಉರ್ದು ಶಾಲೆಯ ಹಿಂದಿನ ಕೋಣೆ,
ಫೀಸಿಲ್ಲ, ಪೂರ್ತಿ ಹೆಸರು ಕೇಳುವುದಿಲ್ಲ, ಹೋಗಿ ಬನ್ನಿ.

"ಆಯ್ತು ಮೇಡಂ" ಅನ್ನುತ್ತಿದ್ದರು,
ತೀರ್ಥಕ್ಕೆ ಕೈಯೊಡ್ಡಿದ ಹಾಗೆ ಒಡ್ಡಿ.
ಆ ಚೀಟಿಗಳು ಎಲ್ಲಿಗೆ ಹೋದವೆಂದು ನನಗೆ ಗೊತ್ತು.
ಒಂದು, ಆಸ್ಪತ್ರೆ ಗೇಟಿನ ಬೋಂಡಾ ಗಾಡಿಯ ಕೆಳಗೆ.
ಇನ್ನೊಂದು, ಅಂಗಿ ಜೇಬಲ್ಲೇ ಒಗೆತಕ್ಕೆ ಹೋಗಿ
ಒಣಗಿ ಹಪ್ಪಳವಾದದ್ದನ್ನು
ಅವನ ಹೆಂಡತಿ ತಂದು ತೋರಿಸಿದಳು,
ಮೂರನೇ ಸಲ ಅವನನ್ನು ಸೇರಿಸುವಾಗ:
"ಇದರಲ್ಲಿ ಏನು ಬರ್ದಿತ್ತು ಅಕ್ಕಾ?"

ಅವತ್ತಿಂದ ಚೀಟಿ ಬಿಟ್ಟೆ.

ಈಗ ಫೋನು. ನನ್ನದೇ, ಗಾಜು ಒಡೆದದ್ದು.
ವೆಂಕಟರೋಣಪ್ಪ ಎದುರು ಕೂತಿದ್ದಾನೆ,
ಹಿಪ್ಪುನೇರಳೆ ಸೊಪ್ಪಿನ ಆಟೋ ಓಡಿಸುವವನು,
ಮೊಣಕಾಲ ಮೇಲಿಟ್ಟ ಕೈ ಇನ್ನೂ ಸಣ್ಣಗೆ ಅದುರುತ್ತಿದೆ.
ಅವನ ಕಣ್ಣೆದುರೇ ನಂಬರು ಒತ್ತಿ
ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.
ಆ ಕಡೆ ನೀರು ಕುದಿಯುವ ಸದ್ದು, ರಾಟೆ ಸದ್ದು,
ಆಮೇಲೆ ಜಬೀವುಲ್ಲಾ.

ಬುದ್ಧಿ ಹೇಳಲಿಲ್ಲ.
ನಾನು ದಿನಾ ಹೇಳುವ ಒಂದು ಮಾತನ್ನೂ ಹೇಳಲಿಲ್ಲ.
"ಊಟ ಆಯ್ತಾ?" ಅಂದ.
"ನಿದ್ದೆ? ನನಗೆ ಇಪ್ಪತ್ತೆರಡು ದಿನ ಬರಲಿಲ್ಲಪ್ಪ,
ಗೋಡೆ ಮೇಲೆ ಇಲ್ಲದ ಇರುವೆ ಎಣಿಸ್ತಿದ್ದೆ. ನೀನು?"
ರೋಣಪ್ಪ ಫೋನಿನ ಕಡೆ ಬಾಗಿದ,
ಬಾವಿಗೆ ಬಗ್ಗಿ ಕೂಗುವವನಂತೆ.
"ನಂಗೆ ಹಾವು ಕಾಣೋವು" ಅಂದ.

ನನ್ನ ಫಾರಂನಲ್ಲಿ ಹಾವಿಗೆ ಕಾಲಂ ಇರಲಿಲ್ಲ.

"ಯಾವ ಬಸ್ಸಿಗೆ ಬರ್ತೀಯ? ಸ್ಟ್ಯಾಂಡಲ್ಲಿ ನಿಂತಿರ್ತೀನಿ.
ಹಸಿರು ಟವೆಲ್ಲು. ಬೆರಳ ತುದಿ ಬಿಸಿನೀರಿಗೆ
ಬೆಂದು ಬೆಳ್ಳಗಾಗಿವೆ, ಗುರುತು ಸಿಗುತ್ತೆ."

ಮೊದಲ ಗುರುವಾರ ಅವನು ಬರಲಿಲ್ಲ.
ಎರಡನೇ ಗುರುವಾರ ಬಂದ, ಇಳಿದ, ಟವೆಲ್ಲು ನೋಡಿದ,
ಅದೇ ಬಸ್ಸು ಹತ್ತಿದ.
ಜಬೀ ಎರಡೂ ದಿನ ಕೊನೇ ಬಸ್ಸಿನವರೆಗೆ ನಿಂತಿದ್ದನಂತೆ.
ಬೇಜಾರಾಗಲ್ವಾ, ಕೇಳಿದೆ.
"ನನಗೋಸ್ಕರ ಒಬ್ಬರು ಏಳು ವಾರ ನಿಂತಿದ್ರು ಮೇಡಂ.
ಇನ್ನೂ ಐದು ಬಾಕಿ."

ಒಮ್ಮೆ ಅವನ ಮನೆಯಲ್ಲಿ ಬೇಸಿನ್ ಮುಂದೆ ಕೂತಿದ್ದೆ.
ಒಂದು ಗೂಡಿನ ಎಳೆ ಕಣ್ಣಿಗೆ ಹತ್ತುವುದಿಲ್ಲ,
ಉಸಿರು ತಾಗಿದರೆ ತುಂಡು.
ಎಂಟು ಗೂಡು ಒಟ್ಟಿಗೆ ಬಿಚ್ಚಿಕೊಂಡರೆ ಒಂದು ದಾರ.
ನಡುವೆ ಒಂದು ಖಾಲಿಯಾದರೆ
ಹೊಸ ಎಳೆಯನ್ನು ಓಡುತ್ತಿರುವ ದಾರದ ಮೇಲೆ ಹಾಗೇ ಎಸೆಯುತ್ತಾನೆ.
ಹಿಡಿದುಕೊಳ್ಳುತ್ತದೆ. ಗಂಟು ಹಾಕುವುದಿಲ್ಲ.
"ಗಂಟು ಕಂಡ್ರೆ ಮಾರ್ಕೆಟ್ಟಲ್ಲಿ ರೇಟು ಬೀಳುತ್ತೆ" ಅಂದು ನಕ್ಕ.
ಇದನ್ನು ನಾನು ಯಾವ ರೋಗಿಗೂ ಪಾಠ ಮಾಡಿಲ್ಲ.
ನೋಡಿದ್ದನ್ನು ಹೇಳಿದೆ, ಅಷ್ಟೆ.

ಮೂವರೂ ಸೇರಿ ಒಪ್ಪಿಕೊಂಡದ್ದು ಹೀಗೆ:
ಒಂದು ಮಿಸ್ಡ್ ಕಾಲ್ ಅಂದರೆ ಬಂದ, ಕೂತಿದ್ದಾನೆ,
ಕೈಯಲ್ಲಿ ಟೀ ಇದೆ.
ಎರಡು ಅಂದರೆ ಇಲ್ಲ.

ಇವತ್ತು ಮೂರನೇ ಗುರುವಾರ. ಆರೂ ನಲವತ್ತು.
ವಾರ್ಡಿನಲ್ಲಿ ತಟ್ಟೆಗಳ ಸದ್ದು ಶುರುವಾಗಿದೆ,
ನಿನ್ನೆ ಸೇರಿದ ಹುಡುಗ
ಕಿಟಕಿ ಸರಳು ಹಿಡಿದು ರಸ್ತೆ ನೋಡುತ್ತಿದ್ದಾನೆ.
ಮೇಜಿನ ಮೇಲೆ ಫೋನು
ಒಮ್ಮೆ ಬಡಿದುಕೊಂಡು ಸುಮ್ಮನಾಯಿತು.

ನಾನು ಮುಟ್ಟುವುದಿಲ್ಲ.
ರೂಮಿನ ಬೀಗ ಕೈಯಲ್ಲೇ ಇದೆ.
ಜೀವನದಲ್ಲಿ ಮೊದಲ ಸಲ
ಫೋನು ಬಾರದಿರಲೆಂದು ಕಾಯುತ್ತಿದ್ದೇನೆ.