ನಡಾವಳಿಯಲ್ಲಿ ಒಂದು ಆಮೆ

ಹಂಬರ್ ನದಿ ಕಡಲಿಗೆ ಸೇರುವಲ್ಲಿನ ಊರು.
ಜನವರಿ; ಸಂಜೆ ನಾಲ್ಕಕ್ಕೇ ಕತ್ತಲು.
ನಗರಸಭೆಯ ಮೂರನೇ ಮಹಡಿ, ಕೊನೆಯ ಕೊಠಡಿ,
ಅರ್ಧ ಬಿಸಿಯಾಗಿ ಮನಸ್ಸು ಬದಲಿಸುವ ಹೀಟರು.
ನಾನು ನಡಾವಳಿ ಬರೆಯುವವಳು.
ಹತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ:
"ವರದಿಯನ್ನು ಗಮನಿಸಲಾಯಿತು."
ನನಗೆ ಕುರ್ಚಿಯಿದೆ, ಮಾತಿಲ್ಲ.

ಇವತ್ತು ಮಕ್ಕಳ ಸೇವೆಗಳ ಪರಿಶೀಲನೆ.
ಮೂರು ಇಲಾಖೆಯ ಕಾಗದ ಮೊದಲ ಸಲ ಒಂದೇ ಕಟ್ಟಿನಲ್ಲಿ.
ದೊಡ್ಡ ಸುಧಾರಣೆಯೇನಲ್ಲ,
ಅಂಚೆಯ ಖರ್ಚು ಉಳಿಯಲೆಂದು.
ಇನ್ನೂರ ಹದಿನಾಲ್ಕು ಪುಟ. ಮಕ್ಕಳ ಹೆಸರು ತೆಗೆದಿದ್ದಾರೆ.
ನಿಯಮ ಹಾಗಿದೆ. ಒಳ್ಳೆಯ ನಿಯಮವೇ.

ವಸತಿಯವರದು, ಪುಟ ಮೂವತ್ತೊಂದು:
"ಕುಟುಂಬ ಎಫ್. ತಾಯಿ, ಒಂಬತ್ತರ ಮಗ, ಒಂದು ಆಮೆ.
ಕಡಲದಂಡೆಯ ಹೋಟೆಲಿನಲ್ಲಿ ತಾತ್ಕಾಲಿಕ ವಾಸ.
ಸಾಕುಪ್ರಾಣಿಗೆ ಅವಕಾಶವಿಲ್ಲದ ಕಾರಣ ಬೇರೆಡೆಗೆ ವರ್ಗ."

ಶಾಲೆಯವರದು, ತೊಂಬತ್ತೆರಡು:
"ವಿದ್ಯಾರ್ಥಿ ಏಳು. ಚೀಲದಲ್ಲಿ ಆಮೆ ತಂದ.
ಕೊಡಲು ಒಪ್ಪಲಿಲ್ಲ. ಮೇಜಿನಡಿ ಕೂತ. ಐದು ದಿನ ಅಮಾನತು."

ಮನಸ್ಸಿನ ವೈದ್ಯರದು, ನೂರ ಅರವತ್ತು:
"ಮಗು ಡಿ. ಸರದಿಯಲ್ಲಿ ನಲವತ್ತನಾಲ್ಕು ವಾರ.
ಮೊದಲ ಭೇಟಿಯಲ್ಲಿ ಕೇಳಿದ್ದು ಇಷ್ಟೇ:
ಮಲಗಿದ್ದಾಗ ಎತ್ತಿಕೊಂಡು ಹೋದರೆ,
ಎದ್ದ ಮೇಲೆ ಅದಕ್ಕೆ ಗೊತ್ತಾಗುತ್ತಾ?
ನಂತರದ ಎರಡು ಪತ್ರಕ್ಕೆ ಉತ್ತರವಿಲ್ಲ. ಕಡತ ಮುಚ್ಚಿದೆ."

ಪುಟಸಂಖ್ಯೆ ಹಾಕುತ್ತಿದ್ದ ಸಂಜೆ ಕಣ್ಣಿಗೆ ಬಿತ್ತು.
ಚಹಾ ಆರಿತು.
ಮೂರು ಹಾಳೆಯ ಮೂಲೆ ಮಡಿಸಿದೆ, ಒಂದೇ ಪ್ರತಿಯಲ್ಲಿ,
ಕೌನ್ಸಿಲರ್ ಓಲ್ಡ್‌ರಾಯ್ಡ್ ಅವರದರಲ್ಲಿ.
ಮೂವತ್ತು ವರ್ಷ ಶಾಲೆಯ ಊಟದ ಸಾಲಿನಲ್ಲಿ ಬಡಿಸಿದ ಕೈ;
ಯಾವ ಮಗು ಬ್ರೆಡ್ಡನ್ನು ಜೇಬಿಗಿಳಿಸುತ್ತದೆ ಅಂತ
ತಲೆಯೆತ್ತದೆ ಹೇಳಬಲ್ಲವರು.
ಮಡಿಸಿದ್ದು ತಪ್ಪೋ ಏನೋ.
ನಿಯಮದ ಪುಸ್ತಕದಲ್ಲಿ ಹುಡುಕಿದೆ. ಮೂಲೆಗಳ ಬಗ್ಗೆ ಏನೂ ಇಲ್ಲ.

ಮೂವರು ನಿರ್ದೇಶಕರು ತಲಾ ಹದಿನೈದು ನಿಮಿಷ ಮಾತಾಡಿದರು.
ಗೋಡೆಯ ಮೇಲೆ ಬಣ್ಣದ ಕಂಬಗಳು ಎದ್ದವು, ಬಿದ್ದವು.
ಯಾರೂ ಸುಳ್ಳು ಹೇಳಲಿಲ್ಲ.
ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ;
ಎರಡರ ಬೆನ್ನೂ ಬೆವೆತಿತ್ತು, ಅದನ್ನೂ ಹೇಳಬೇಕು.

ಓಲ್ಡ್‌ರಾಯ್ಡ್ ಕನ್ನಡಕ ಏರಿಸಿದರು.
"ಅಧ್ಯಕ್ಷರೇ, ನಮ್ಮ ಊರಲ್ಲಿ ಆಮೆಗಳೆಷ್ಟು?"

ಎಲ್ಲ ನಕ್ಕರು. ಅವರು ನಗಲಿಲ್ಲ.
ಮೂರು ಪುಟಸಂಖ್ಯೆ ಓದಿದರು,
ಲಾಟರಿಯ ಅಂಕೆ ಓದುವ ಹಾಗೆ, ನಿಧಾನ.
ಆಮೇಲೆ ಹಾಳೆ ಮಗುಚುವ ಸದ್ದೊಂದೇ.
ವಸತಿಯವರು ಶಾಲೆಯವರ ಪುಟ ಓದಿದರು,
ಶಾಲೆಯವರು ವೈದ್ಯರದು,
ಪಕ್ಕದ ಮನೆಯ ಕಾಗದ ಕೈತಪ್ಪಿ ಬಂದಂತೆ.

"ಪತ್ರ ಹೋದದ್ದು ಎಲ್ಲಿಗೆ?"
"ಮೊದಲನೇ ಹೋಟೆಲಿಗೆ."
"ಅವರು ಅಲ್ಲಿಂದ ಹೊರಬಿದ್ದದ್ದು?"
"ಆಗಸ್ಟಿನಲ್ಲಿ."
"ಪತ್ರ?"
"ಸೆಪ್ಟೆಂಬರ್."
"ಸರಿ. ಇವತ್ತು ರಾತ್ರಿ ಎಲ್ಲಿದ್ದಾರೆ?"

ಅದಕ್ಕೆ ಪುಟವಿರಲಿಲ್ಲ.
ವಸತಿಯ ಫೆನ್‌ವಿಕ್ ಫೋನು ಹಿಡಿದು ಎದ್ದರು,
ಕೋಟು ಕುರ್ಚಿಯಲ್ಲೇ ಬಿಟ್ಟು.
ನಾನು ಬರೆದೆ: "ಏಳು ಐವತ್ತೆರಡು. ಸಭೆ ಕಾಯುತ್ತಿದೆ."
ಈ ವಾಕ್ಯ ಬರೆದದ್ದು ಇದೇ ಮೊದಲು.
ಕಾಯುವುದು ನಿರ್ಣಯವೋ, ಚರ್ಚೆಯೋ,
ಯಾವ ಕಾಲಮ್ಮಿಗೆ ಸೇರಿಸಲಿ?
ಯಾರೋ ಬಿಸ್ಕತ್ತಿನ ತಟ್ಟೆ ಮುಂದೆ ದೂಡಿದರು,
ಯಾರೂ ಮುಟ್ಟಲಿಲ್ಲ.

ಎಂಟು ಹತ್ತು. ಬಾಗಿಲು.
"ಇದು ನಾಲ್ಕನೇ ಹೋಟೆಲು. ಕೋಣೆ ಹದಿನೇಳು.
ತಾಯಿ ಇದ್ದಾರೆ, ಹುಡುಗ ಇದ್ದಾನೆ."

"ಆಮೆ?"

"ಅದು... ಕೇಳಲಿಲ್ಲ."

"ಕೇಳಿ."