ಅರ್ಧ ಕ್ಷಣದ ಕಸುಬು

ಟಿ.ವಿ. ಕೆಟ್ಟು ಕೂತ ಮೇಲೆ
ಬ್ರೊನ್ಯಾಳ ತಂಗಿಯ ಮಗ ಕಾಯೆತಾನ್ ಬಂದು
ಹಳೇ ಕಂಪ್ಯೂಟರಿನ ಪಕ್ಕೆಗೆ ಕಿರುಬೆರಳಷ್ಟು ಕಡ್ಡಿ ಸಿಕ್ಕಿಸಿ
ಅದರ ಬಾಲವನ್ನು ಕಿಟಕಿಯ ಚಿಲಕಕ್ಕೆ ಸುತ್ತಿ ಹೋದ.
ವೂಜ್ ಪಟ್ಟಣದ ಇಟ್ಟಿಗೆ ಚಿಮಣಿಗಳನ್ನು ದಾಟಿ
ನಮ್ಮ ಮೂರನೇ ಮಹಡಿಗೆ ಚಿತ್ರ ಬಂತು,
ತೊಳೆದಿಟ್ಟ ತಟ್ಟೆಯ ಹಾಗೆ.
ಮಾತು ಬಂತು, ಆಮೇಲೆ.

ವಾರ್ತೆಯ ಹುಡುಗಿ ಬಾಯಿ ಮುಚ್ಚಿ ಕಾಗದ ಜೋಡಿಸುತ್ತಾಳೆ,
ನಾಳೆ ಬೀಳುವ ಹಿಮದ ಕೊನೆಯ ಅಕ್ಷರ
ಇನ್ನೂ ಕಪಾಟಿನ ಮೇಲಿನ ಸ್ಪೀಕರಿನಲ್ಲೇ ಇದೆ.
ಒಡೆದ ಲೋಟದ ಕಡೆ ಎಲ್ಲರೂ ತಿರುಗಿದ ಮೇಲೆ
ಠಳ್.
ಮಿಂಚಿದ ಮೇಲೆ ಎಣಿಸು, ಗುಡುಗು ಎಷ್ಟು ದೂರ ತಿಳಿಯುತ್ತೆ
ಎನ್ನುತ್ತಿದ್ದರು ಅಪ್ಪ.
ಹಾಗಾದರೆ ನನ್ನ ಕಪಾಟು ಎಷ್ಟು ದೂರ?

ಬ್ರೊನ್ಯಾಗೆ ತಲೆಸುತ್ತು. ಊರಿನ ಹೆಸರೇ ದೋಣಿ,
ಆದರೂ ಅವಳಿಗೆ ಅಲೆ ಆಗದು. "ಆರಿಸು ಅದನ್ನ."

ಫೋನಿನಲ್ಲಿ ಕಾಯೆತಾನ್:
"ತಂತಿಯಿಲ್ಲದ ಸ್ಪೀಕರು, ದೊಡ್ಡಪ್ಪ. ಮಾತನ್ನ ಗಂಟು ಕಟ್ಟಿ
ಗಾಳಿಗೆ ಎಸೀತಾರೆ, ಅದು ಹಿಡಿದು ಬಿಚ್ಚಬೇಕು.
ಓಡು ಅಂದ್ರೆ ಮಾತು ಓಡಲ್ಲ.
ಚಿತ್ರವನ್ನೇ ತಡೆದು ನಿಲ್ಲಿಸಿ.
ಜೆ ಒತ್ತಿ. ಒಂದು ಒತ್ತಿಗೆ ಐವತ್ತು ಮಿಲಿಸೆಕೆಂಡು."

ಒತ್ತಿದೆ. ಐವತ್ತು. ನೂರು. ನೂರೈವತ್ತು.
ಕಾಲೆಳೆಯುವ ತಮ್ಮನಿಗಾಗಿ ಅಣ್ಣ ನಿಲ್ಲುವಂತೆ
ಚಿತ್ರ ನಿಂತು ನಿಂತು ನಡೆಯಿತು.
ಇನ್ನೂರಕ್ಕೆ, ಚಪ್ಪಾಳೆ ಕೈಗಳಿಗೆ ಸಿಕ್ಕಿತು.

ನನಗೋ ನಗು. ಮೂವತ್ತೊಂದು ವರ್ಷ
ತಡವಾಗಿ ಬರುವುದೇ ನನ್ನ ಹೊಟ್ಟೆಪಾಡು.
ಪರದೇಶದ ಸಿನಿಮಾಗಳ ಮೇಲೆ ನಮ್ಮ ಭಾಷೆ ಓದುವವನು ನಾನು.
ಗಂಡ, ಹೆಂಡತಿ, ಮಗು, ಪೊಲೀಸು, ಸಾಯುವವನು
ಎಲ್ಲರಿಗೂ ನನ್ನದೊಂದೇ ಗಂಟಲು,
ಇಸ್ತ್ರಿ ಮಾಡಿದ್ದು, ಮಡಿಕೆಯಿಲ್ಲದ್ದು.
ಸ್ಟುಡಿಯೋದ ಹಿರಿಯ ಸ್ವೆಂತೊಮಿರ್ ಮೊದಲ ದಿನವೇ ಹೇಳಿದ್ದ:
ಅವಳು ಅಳಲು ಶುರುಮಾಡಲಿ, ಅರ್ಧ ಕ್ಷಣ ಬಿಡು,
ಏನೆಂದು ಅಳುತ್ತಾಳೆ ಆಮೇಲೆ ಹೇಳು.
ಮುಂದೆ ಹೋದೆಯೋ, ಕಳ್ಳ.
ಜೊತೆಗೆ ಹೋದೆಯೋ, ವೇಷಗಾರ.

ಶನಿವಾರ ರಾತ್ರಿ ಹಳೆಯ ಇಟಾಲಿಯನ್ ಚಿತ್ರವೊಂದು.
ರೈಲು ನಿಲ್ದಾಣ, ಹಸಿರು ಕೋಟಿನ ಹೆಂಗಸು,
ಅವಳ ಮಾತಿನ ಬೆನ್ನಿಗೇ ಕೆಮ್ಮು ನುಂಗಿಕೊಂಡು ಯಾರೋ ಓದುತ್ತಿದ್ದಾರೆ.
ಆ ಚಳಿಗಾಲವೆಲ್ಲ ನೆಗಡಿ. ಹೌದು, ನಾನೇ.
ಮತ್ತೆ ತಡವಲ್ಲ! ಬೆರಳು ತಾನಾಗಿ ಜೆ ಮೇಲೆ.
ಮುನ್ನೂರು. ಐನೂರು. ಏಳುನೂರು.

ಅವಳ ತುಟಿ ತೆರೆಯಿತು, ಸರಿಯಾಗಿ ಆಗಲೇ
ಒಳಗಿಂದ ನಾನು ಹೊರಬಂದೆ,
ನಲವತ್ತರ ಗಂಡಸು, ಮೂಗು ಕಟ್ಟಿದವನು:
"ನನ್ನ ಬಿಟ್ಟು ಹೋಗಬೇಡ, ಎಲಿಜಿಯೊ."
ಬ್ರೊನ್ಯಾ ಹೊಲಿಗೆ ಬಿಟ್ಟು ಹೊಟ್ಟೆ ಹಿಡಿದು ನಕ್ಕಳು.
ನಾನೂ ನಕ್ಕೆ, ಎಷ್ಟೋ ಹೊತ್ತು.
ಆಮೇಲೆ ಗಮನಿಸಿದೆ, ಆ ಹೆಂಗಸಿನ ಸ್ವಂತ ದನಿ
ತುಟಿಗಿಂತ ಮುಂಚೆಯೇ ಬಂದು
ಖಾಲಿ ಪ್ಲಾಟ್‌ಫಾರಂ ಮೇಲೆ ಯಾರಿಗೂ ಸೇರದೆ ನಿಂತಿತ್ತು.

ಕೆ ಒತ್ತಿದೆ, ಹತ್ತು ಸಲ.
ದನಿ ಅವಳ ಬಾಯಿಗೆ ಮರಳಿತು.
ನಾನು ಹಿಂದೆ ಸರಿದು ನನ್ನ ಜಾಗದಲ್ಲಿ ನಿಂತೆ.

ಭಾನುವಾರ. ಕೆಳಗೆ ಅಂಗಳದ ಆ ತುದಿಯಲ್ಲಿ
ಪಾನಿ ಗ್ಜೆಗೊಜೆವ್ಸ್ಕಾ ಕಂಬಿಗೆ ಜಮಖಾನೆ ಹಾಕಿ ಬಡಿಯುತ್ತಿದ್ದಾಳೆ.
ಕೋಲು ಮೇಲೇರಿದ ಮೇಲೆ, ಧಪ್.
ಮತ್ತೆ ಏರಿದ ಮೇಲೆ, ಧಪ್.
ಕಿಟಕಿಯಲ್ಲಿ ನಿಂತು ನೋಡುತ್ತಿದ್ದೇನೆ.
ಚಹಾ ಆರಿತು ಎಂದು ಬ್ರೊನ್ಯಾ ಕೂಗಿದ್ದು
ಇದು ಎಷ್ಟನೆಯ ಸಲವೋ.