ಶನಿವಾರದ ಕಪಾತು

ಮಡಿಕೇರಿ ಜೈಲಲ್ಲಿ ಕನ್ನಡಿ ಕೊಡುವುದಿಲ್ಲ.
ಶನಿವಾರ ಬೆಳಿಗ್ಗೆ ತೊಟ್ಟಿಯ ಪಕ್ಕ
ಕುಕ್ಕರಗಾಲಲ್ಲಿ ಕೂರುತ್ತೇವೆ.
ತುದಿ ಮೊಂಡಾದ ಕತ್ತರಿ ಹಿಡಿದು ಚುಬ್ರ ಬರುತ್ತಾನೆ,
ತೋಟದಲ್ಲಿ ಕಪಾತು ಮಾಡುತ್ತಿದ್ದ ಕೈ.
ತಲೆಯನ್ನೂ ಗಿಡದಂತೆ ತಿರುಗಿಸಿ ನೋಡಿ
‘ಬಿಸಿಲು ಬೀಳಲಿ’ ಅನ್ನುತ್ತಾನೆ.

ಬ್ಲೇಡು ಲೆಕ್ಕದ್ದು, ಸೋಪು ಅರ್ಧ ಬಿಲ್ಲೆ.
ತಣ್ಣೀರು ಕೆನ್ನೆಗೆ ಚುರ್ರೆನ್ನುತ್ತದೆ.
‘ಮಂಗಳವಾರ ಕೋರ್ಟು, ಮನುಷ್ಯರ ಹಾಗೆ ಕಾಣಬೇಕು’
ವಾರ್ಡರ್ ಬೆಳ್ಯಪ್ಪ ಉಗುರು ನೋಡುತ್ತಾರೆ.

ಬಂದ ದಿನ ಹತ್ತೂ ಉಗುರಲ್ಲಿ ಕಾಫಿಹಣ್ಣಿನ ಕಪ್ಪು.
ಅದೇ ಸಾಕ್ಷಿ ಅಂದಿದ್ದರು:
ಎರಡು ಚೀಲ, ಸಾಹುಕಾರರ ಕಣ.
ಹಣ್ಣು ಕೊಯ್ದವರೆಲ್ಲರ ಉಗುರೂ ಹೀಗೇ, ಅಂದೆ.
ಬರೆದುಕೊಳ್ಳಲಿಲ್ಲ.

ನಾಲ್ಕು ತಿಂಗಳು ಕತ್ತರಿಸಿ ಕತ್ತರಿಸಿ
ಇವತ್ತು ಹೆಬ್ಬೆರಳಿನ ಕೊನೆಯ ಕಪ್ಪೂ ಉದುರಿತು.
ಕೂದಲ ಜೊತೆ ಗುಡಿಸಿ, ಮೊರಕ್ಕೆ ತುಂಬಿ
ಚುಬ್ರ ಕೇಳುತ್ತಾನೆ:
ಸಾಕ್ಷಿ, ಯಾರಿಗೆ ಒಪ್ಪಿಸಲಿ?